28 ಆಟ ಸರಿ, ಎಷ್ಟು ಸಂಜೆ?

ಪ್ರಶ್ನೆ: ನಮ್ಮಲ್ಲಿ ಹಳೆಯ ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್ ಇದೆ. ಅದರ ಜೊತೆ ಬಂದ ಎರಡು ಜಾಯ್-ಕಾನ್ ಬಿಟ್ಟರೆ ಬೇರೆ ಕಂಟ್ರೋಲರ್ ಇಲ್ಲ. ತಿಂಗಳಿಗೊಮ್ಮೆ ಆರೇಳು ಜನ ಸೇರುತ್ತೇವೆ. ಅವರಲ್ಲಿ ಅರ್ಧ ಜನ ವಿಡಿಯೊ ಗೇಮ್ ಮುಟ್ಟಿದವರೇ ಅಲ್ಲ. ಎಂಟು ವರ್ಷದ ಮಗಳಿದ್ದಾಳೆ, ಅರವತ್ತು ದಾಟಿದ ಅಪ್ಪ ಇದ್ದಾರೆ. ಎಲ್ಲರೂ ಕೈ ಬೀಸಿ ಆಡಬಹುದು ಅಂತ ‘1-2-ಸ್ವಿಚ್’ ತಗೊಳ್ಳುವ ಯೋಚನೆ. 28 ಆಟಗಳಿವೆಯಂತೆ. ಆದರೆ ದೊಡ್ಡ ಆಟಗಳ ಹತ್ತಿರ ಹತ್ತಿರ ಬೆಲೆ ಹೇಳುತ್ತಿದ್ದಾರೆ. ಅಷ್ಟು ದುಡ್ಡು ಕೊಡಬಹುದಾ? ನಮ್ಮ ಹಾಲ್ ಚಿಕ್ಕದು, ಅದೂ ಒಂದು ಚಿಂತೆ. ಕೊಂಡರೆ ಕಾರ್ಟ್ರಿಡ್ಜ್ ಒಳ್ಳೆಯದೋ, ಡಿಜಿಟಲ್ಲೋ?

ಉತ್ತರ: ಪೂರ್ತಿ ಬೆಲೆಗೆ ಬೇಡ. ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಸಿಕ್ಕರೆ ತಗೊಳ್ಳಿ. ಈ ಆಟವನ್ನು ಇಷ್ಟು ಧೈರ್ಯವಾಗಿ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದಿಲ್ಲ. ನೀವು ಬರೆದ ಎರಡು ವಿಷಯ ನೋಡಿ ಹೇಳುತ್ತಿದ್ದೇನೆ. ಒಂದು, ನಿಮ್ಮ ಹತ್ತಿರ ಇರುವುದು ಎರಡೇ ಜಾಯ್-ಕಾನ್. ಇನ್ನೊಂದು, ಬರುವವರಲ್ಲಿ ಅರ್ಧ ಜನ ಗೇಮ್ ಆಡದವರು.

‘28 ಆಟ’ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ಮಿನಿಗೇಮ್, ಅಂದರೆ ಪುಟ್ಟ ಪುಟ್ಟ ಆಟಗಳ ಸಂಗ್ರಹಗಳನ್ನು ಮಾರುವವರು ಯಾವಾಗಲೂ ಸಂಖ್ಯೆಯನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಒಂದರಲ್ಲಿ 28, ಇನ್ನೊಂದರಲ್ಲಿ 80, ಮತ್ತೊಂದರಲ್ಲಿ 200ಕ್ಕೂ ಜಾಸ್ತಿ. ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಎಲ್ಲವೂ ಅಗ್ಗ ಅನ್ನಿಸುತ್ತದೆ. ಆದರೆ ಮಿನಿಗೇಮ್‌ಗಳಲ್ಲಿ ಎರಡು ಜಾತಿ ಇವೆ. ಕೆಲವು ಒಗಟಿನ ಹಾಗೆ, ಕೆಲವು ಕೇರಂ ಹಾಗೆ. ಒಗಟು ಮೊದಲ ಸಲ ಕೇಳಿದಾಗ ತುಂಬ ಚೆನ್ನ. ಉತ್ತರ ಗೊತ್ತಾದ ಮೇಲೆ ಅದನ್ನು ಗೊತ್ತಿಲ್ಲದವರಿಗೆ ಕೇಳಿ ಖುಷಿಪಡಬಹುದು ಅಷ್ಟೇ, ನೀವೇ ಮತ್ತೆ ಬಿಡಿಸಲು ಆಗುವುದಿಲ್ಲ. ಕೇರಂ ಹಾಗಲ್ಲ. ನೂರನೇ ಸಲ ಆಡುವಾಗಲೂ ಎದುರಿಗೆ ಕೂತವನ ಕೈ ಇವತ್ತು ಹೇಗಿದೆ ಅನ್ನುವುದು ಹೊಸ ವಿಷಯವೇ. ಹಾಗಾಗಿ ನಾನು ಯಾವುದೇ ಸಂಗ್ರಹದಲ್ಲಿ ಎಷ್ಟು ಆಟ ಇವೆ ಅಂತ ಎಣಿಸುವುದಿಲ್ಲ, ಅದರಲ್ಲಿ ಕೇರಂ ಎಷ್ಟು ಅಂತ ಎಣಿಸುತ್ತೇನೆ.

1-2-ಸ್ವಿಚ್ ಬಂದದ್ದು 2017ರ ಮಾರ್ಚ್ 3ರಂದು, ಸ್ವಿಚ್ ಕನ್ಸೋಲ್ ಬಂದ ದಿನವೇ. ಹೊಸ ಯಂತ್ರದ ಜಾಯ್-ಕಾನ್ ಏನೇನು ಮಾಡಬಲ್ಲದು ಅಂತ ತೋರಿಸುವುದೇ ಅದರ ಕೆಲಸ. ಹಾಗಾಗಿ ಅದರ ಒಂದೊಂದು ಆಟವೂ ಒಂದೊಂದು ಚಮತ್ಕಾರದ ಸುತ್ತ ಕಟ್ಟಿದ್ದು. ಇಲ್ಲಿ ಪಾತ್ರ ಓಡಿಸುವುದು, ಹಂತ ದಾಟುವುದು ಏನೂ ಇಲ್ಲ. ಇಬ್ಬರು ಎದುರು ಬದುರು ನಿಲ್ಲುತ್ತಾರೆ, ಕೈಯಲ್ಲಿ ಒಂದೊಂದು ಜಾಯ್-ಕಾನ್. ಟಿವಿ ಕಡೆ ನೋಡುವ ಹಾಗಿಲ್ಲ, ಒಬ್ಬರ ಮುಖ ಒಬ್ಬರು ನೋಡಬೇಕು. ಆಟದ ನಿಜವಾದ ಐಡಿಯಾ ಇದೇ. ವಿಡಿಯೊ ಗೇಮ್ ಗೊತ್ತಿಲ್ಲದವರಿಗೆ ಇದರಷ್ಟು ಸಲೀಸಾದದ್ದು ನಾನು ಬೇರೆ ನೋಡಿಲ್ಲ. ಯಾವ ಬಟನ್ ಎಲ್ಲಿದೆ ಅಂತ ಹೇಳಿಕೊಡುವುದರಲ್ಲೇ ಅರ್ಧ ಸಂಜೆ ಹೋಗುವುದಿಲ್ಲ.

ಕೆಲವು ಆಟ ಹೇಳುತ್ತೇನೆ, ಅಂದಾಜು ಸಿಗಲಿ. ‘ಮಿಲ್ಕ್’ ಅಂತ ಒಂದಿದೆ, ಹಾಲು ಕರೆಯುವುದು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಜಾಯ್-ಕಾನನ್ನು ಕೆಚ್ಚಲು ಅಂದುಕೊಂಡು ಹಿಂಡಬೇಕು. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಾರೆ. ‘ಬೇಬಿ’ಯಲ್ಲಿ ಕನ್ಸೋಲನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ಅಳುವ ಮಗುವನ್ನು ತೂಗಿ ಮಲಗಿಸಬೇಕು. ‘ಈಟಿಂಗ್ ಕಾಂಟೆಸ್ಟ್’ನಲ್ಲಿ ಬಲಗಡೆ ಜಾಯ್-ಕಾನ್‌ನ ಕೆಳಗಿರುವ ಇನ್‌ಫ್ರಾರೆಡ್ ಕ್ಯಾಮೆರಾ ಮುಂದೆ ಗಬಗಬ ಅಂತ ಬಾಯಿ ಆಡಿಸಬೇಕು. ಇವೆಲ್ಲ ಅಪ್ಪಟ ಒಗಟುಗಳು. ಮೊದಲ ಸಲ ಅದ್ಭುತ, ಎರಡನೇ ಸಲ ಪರವಾಗಿಲ್ಲ, ಮೂರನೇ ಸಲ ಯಾರೂ ಕೇಳುವುದಿಲ್ಲ.

ಇನ್ನು ಕೇರಂ ಜಾತಿಯವು. ‘ಕ್ವಿಕ್ ಡ್ರಾ’ದಲ್ಲಿ ಇಬ್ಬರೂ ಕೈ ಇಳಿಬಿಟ್ಟು ನಿಲ್ಲಬೇಕು, ‘ಫೈರ್’ ಅಂತ ಕೇಳಿದ ಕೂಡಲೇ ಎತ್ತಿ ಗುಂಡು ಹೊಡೆಯಬೇಕು. ಯಾರು ಎಷ್ಟು ಹೊತ್ತಿನಲ್ಲಿ ಹೊಡೆದರು, ಕೈ ಎಷ್ಟು ಓರೆಯಾಗಿತ್ತು ಎರಡನ್ನೂ ಆಮೇಲೆ ತೋರಿಸುತ್ತದೆ. ಸೋತವರು ಸುಮ್ನೆ ಕೂರುವುದಿಲ್ಲ, ಇನ್ನೊಂದು ಆಗಲಿ ಅಂತಾರೆ. ಅದರ ತಮ್ಮ ‘ಫೇಕ್ ಡ್ರಾ’ ಇನ್ನೂ ತುಂಟ. ‘ಫೈರ್’ ಥರವೇ ಕೇಳಿಸುವ ಬೇರೆ ಪದ ಕೂಗಿ ಮೋಸ ಮಾಡುತ್ತದೆ. ‘ಸಮುರಾಯ್ ಟ್ರೇನಿಂಗ್’ನಲ್ಲಿ ಒಬ್ಬರು ಕತ್ತಿ ಬೀಸಿದರೆ ಇನ್ನೊಬ್ಬರು ಸರಿಯಾದ ಹೊತ್ತಿಗೆ ಚಪ್ಪಾಳೆ ತಟ್ಟಿದ ಹಾಗೆ ಹಿಡಿಯಬೇಕು. ಎದುರಿನವರ ಮುಖ ಓದುವುದೇ ಆಟ. ‘ಟೇಬಲ್ ಟೆನಿಸ್’ನಲ್ಲಿ ಚೆಂಡು ಕಾಣುವುದೇ ಇಲ್ಲ, ಶಬ್ದ ಕೇಳಿಸಿಕೊಂಡು ಬೀಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ‘ಬಾಲ್ ಕೌಂಟ್’. ಇದರಲ್ಲಿ ಸ್ಪರ್ಧೆ ಕಡಿಮೆ, ಆದರೆ ಆಶ್ಚರ್ಯ ಜಾಸ್ತಿ. ಜಾಯ್-ಕಾನನ್ನು ಅಂಗೈ ಮೇಲೆ ಇಟ್ಟು ಮೆಲ್ಲಗೆ ಆ ಕಡೆ ಈ ಕಡೆ ಓರೆ ಮಾಡಬೇಕು. ಒಳಗೆ ಗೋಲಿಗಳು ಉರುಳಿ ಒಂದಕ್ಕೊಂದು ಬಡಿದ ಹಾಗೆ ಕೈಗೆ ತಿಳಿಯುತ್ತದೆ. ಎಷ್ಟು ಗೋಲಿ ಅಂತ ಹೇಳಬೇಕು. ಒಳಗೆ ಗೋಲಿ ಇಲ್ಲವೇ ಇಲ್ಲ! ಬರೀ ಕಂಪನ. ಎಚ್‌ಡಿ ರಂಬಲ್ ಅನ್ನುವ ಆ ಸೂಕ್ಷ್ಮ ಕಂಪನವನ್ನು ಇಷ್ಟು ಚೆನ್ನಾಗಿ ಬಳಸಿದ ಆಟ ಆಮೇಲೆ ಕೂಡ ಹೆಚ್ಚು ಬರಲಿಲ್ಲ. ‘ಸೇಫ್ ಕ್ರ್ಯಾಕ್’ ಕೂಡ ಅದೇ ಬಗೆ, ತಿಜೋರಿಯ ಬೀಗ ತಿರುಗಿಸಿದ ಹಾಗೆ ತಿರುಗಿಸುತ್ತಾ ಎಲ್ಲಿ ಕಂಪನ ಬೇರೆ ಆಯಿತು ಅಂತ ಬೆರಳಲ್ಲೇ ಹುಡುಕಬೇಕು. ನಿಮ್ಮ ಅಪ್ಪನಿಗೆ ಮೊದಲು ಇವೆರಡನ್ನು ಕೊಡಿ. ಓಡಾಟ ಇಲ್ಲ, ಅವಸರ ಇಲ್ಲ, ಕೂತೇ ಆಡಬಹುದು. ಇಂಥ ಆಟಗಳಲ್ಲಿ ದೊಡ್ಡವರೇ ಗೆಲ್ಲುವುದನ್ನು ನಾನು ನೋಡಿದ್ದೇನೆ.

ನನ್ನ ಲೆಕ್ಕದಲ್ಲಿ 28ರಲ್ಲಿ ಕೇರಂ ಆರು, ಎಳೆದರೆ ಎಂಟು. ಉಳಿದ ಇಪ್ಪತ್ತು ಒಗಟು. ನಾನೇ ಇದನ್ನು ಬಂದ ವಾರದಲ್ಲೇ ಪೂರ್ತಿ ದುಡ್ಡು ಕೊಟ್ಟು ಕೊಂಡವನು. ಮೊದಲ ರಾತ್ರಿ ಎಂಟು ಜನ ಇದ್ದೆವು, ಮಧ್ಯರಾತ್ರಿವರೆಗೂ ನಿಲ್ಲಿಸಲಿಲ್ಲ. ಎರಡನೇ ಸಲ ಅದೇ ಜನ ಸೇರಿದಾಗ ಮುಕ್ಕಾಲು ಗಂಟೆಗೆ ಮುಗಿಯಿತು. ಮೂರನೇ ಸಲ ನಾನಾಗಿಯೇ ಹಾಕಿದೆ, ಯಾರೂ ಕೇಳಿರಲಿಲ್ಲ. ಆಮೇಲೆ ಅದು ಕಪಾಟು ಸೇರಿತು. ಆದರೆ ಹೊಸಬರು ಯಾರಾದರೂ ಬಂದರೆ ಇವತ್ತಿಗೂ ತೆಗೆಯುತ್ತೇನೆ, ಒಂದು ಸಲವೂ ಅದು ಕೈಕೊಟ್ಟಿಲ್ಲ. ಒಗಟಿನ ಗುಣವೇ ಅದು ತಾನೇ? ಕೇಳುವವರು ಹೊಸಬರಾದರೆ ಒಗಟೂ ಹೊಸದು. ಇದಕ್ಕೇ ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು: ತಿಂಗಳಿಗೊಮ್ಮೆ ಸೇರುವ ಆ ಆರೇಳು ಜನ ಯಾವಾಗಲೂ ಅದೇ ಜನವಾ, ಅಥವಾ ಬದಲಾಗುತ್ತಾರಾ? ಅದೇ ಜನ ಆದರೆ ಈ ಆಟ ಮೂರು ಸಂಜೆಗೆ ಸರಿ. ಬದಲಾಗುತ್ತಿದ್ದರೆ ವರ್ಷಗಟ್ಟಲೆ ಬರುತ್ತದೆ.

ಇವೆಲ್ಲ ಇಷ್ಟು ಚಿಕ್ಕ ಆಟಗಳೇ ಯಾಕೆ, ಇನ್ನಷ್ಟು ಆಳವಾಗಿ ಮಾಡಬಾರದಿತ್ತಾ ಅಂತ ಅನ್ನಿಸಬಹುದು. ಕಾರಣದ ಒಂದು ಭಾಗ ಒಳಗಿನ ಸೆನ್ಸರ್‌ಗಳಲ್ಲಿದೆ. ಜಾಯ್-ಕಾನ್‌ನಲ್ಲಿ ಆಕ್ಸೆಲೆರೋಮೀಟರ್ ಇದೆ, ಜೈರೋಸ್ಕೋಪ್ ಇದೆ. ಮೊದಲನೆಯದು ಎಷ್ಟು ಜೋರಾಗಿ ಎಳೆದಿರಿ, ನೆಲ ಯಾವ ಕಡೆಗಿದೆ ಅಂತ ಹೇಳುತ್ತದೆ. ಎರಡನೆಯದು ಎಷ್ಟು ವೇಗವಾಗಿ ತಿರುಗಿಸಿದಿರಿ ಅಂತ ಹೇಳುತ್ತದೆ. ಅಂದರೆ ನೀವು ಯಾವಾಗ ಬೀಸಿದಿರಿ, ಕೈ ಎಷ್ಟು ಓರೆ ಇತ್ತು, ಇವೆರಡು ಯಂತ್ರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನಿಮ್ಮ ಕೈ ಗಾಳಿಯಲ್ಲಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎದೆ ಹತ್ತಿರವೋ, ತಲೆ ಮೇಲೋ, ಯಂತ್ರಕ್ಕೆ ಎರಡೂ ಒಂದೇ. ಅಳತೆಯ ಸಣ್ಣ ಸಣ್ಣ ತಪ್ಪು ಒಂದರ ಮೇಲೊಂದು ಸೇರಿ ಕೆಲವೇ ಕ್ಷಣದಲ್ಲಿ ಜಾಗದ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ. ಜಾಗ ತಿಳಿಯಲು ಹೊರಗಿನಿಂದ ನೋಡುವ ಕಣ್ಣು ಬೇಕು. 2010ರಲ್ಲಿ ಬಂದ ಸೋನಿಯ ಮೂವ್ ಕಂಟ್ರೋಲರ್ ತುದಿಯಲ್ಲಿ ಬೆಳಗುವ ಚೆಂಡು ಇದ್ದದ್ದು ಅದಕ್ಕೇ, ಕ್ಯಾಮೆರಾಗೆ ಕಾಣಲಿ ಅಂತ. ಅದೇ ವರ್ಷದ ಮೈಕ್ರೋಸಾಫ್ಟ್ ಕಿನೆಕ್ಟ್ ಕಂಟ್ರೋಲರನ್ನೇ ಬಿಟ್ಟು ಕ್ಯಾಮೆರಾದಿಂದ ಇಡೀ ದೇಹ ನೋಡುತ್ತಿತ್ತು.

ಇದನ್ನು ತಿಳಿದುಕೊಂಡರೆ ಕೈ ಬೀಸಿ ಆಡುವ ಯಾವ ಮೋಷನ್ ಆಟ ಚೆನ್ನಾಗಿರುತ್ತದೆ, ಯಾವುದು ಕೆಡುತ್ತದೆ ಅಂತ ಡಬ್ಬಿ ಮೇಲಿನ ಚಿತ್ರ ನೋಡಿಯೇ ಸುಮಾರಾಗಿ ಹೇಳಬಹುದು. ‘ಯಾವಾಗ’ ಅನ್ನುವುದರ ಮೇಲೆ ನಿಂತ ಆಟ ಗೆಲ್ಲುತ್ತದೆ: ಗುಂಡು ಹೊಡೆಯುವುದು, ಕತ್ತಿ ಹಿಡಿಯುವುದು, ಟೆನಿಸ್. ‘ಎಷ್ಟು ಓರೆ’ ಅನ್ನುವುದರ ಮೇಲೆ ನಿಂತದ್ದೂ ಗೆಲ್ಲುತ್ತದೆ: ಬೋಲಿಂಗ್, ಬೀಗ ತಿರುಗಿಸುವುದು. ‘ಎಲ್ಲಿ’ ಅಂತ ಕೇಳುವ ಆಟ ಸೋಲುತ್ತದೆ. 1-2-ಸ್ವಿಚ್‌ನ ‘ಕಾಪಿ ಡ್ಯಾನ್ಸ್’ ನೋಡಿ, ಎದುರಿನವರ ಭಂಗಿಯನ್ನು ನಕಲು ಮಾಡಬೇಕು. ಯಂತ್ರಕ್ಕೆ ಕಾಣುವುದು ನಿಮ್ಮ ಒಂದು ಮಣಿಕಟ್ಟು ಮಾತ್ರ. ಸೋಫಾ ಮೇಲೆ ಕೂತು ಕೈ ಮಾತ್ರ ತಿರುಗಿಸಿ ಗೆಲ್ಲಬಹುದು. ನಿಮ್ಮ ಮಗಳು ಇದನ್ನು ಎರಡನೇ ದಿನವೇ ಕಂಡುಹಿಡಿಯುತ್ತಾಳೆ, ನೋಡುತ್ತಿರಿ.

ಈಗ ಬೆಲೆಯ ಮಾತು. ಅಮೆರಿಕದಲ್ಲಿ 1-2-ಸ್ವಿಚ್‌ಗೆ ಇಟ್ಟ ಬೆಲೆ 49.99 ಡಾಲರ್. ಬಂದಾಗಲೇ ಹಲವು ವಿಮರ್ಶಕರು ಈ ಬೆಲೆಯ ಮೇಲೆ ತಕರಾರು ತೆಗೆದರು. ಇದನ್ನು ಕನ್ಸೋಲ್ ಜೊತೆ ಸುಮ್ನೆ ಕೊಡಬೇಕಿತ್ತು ಅಂದರು. ಆ ಸಿಟ್ಟಿಗೆ ಹಿನ್ನೆಲೆ ಇದೆ. 2006ರಲ್ಲಿ ನಿಂಟೆಂಡೊದ ಹಳೆಯ ಕನ್ಸೋಲ್ ವೀ ಬಂದಾಗ ಜಪಾನ್ ಮತ್ತು ದಕ್ಷಿಣ ಕೊರಿಯಾ ಬಿಟ್ಟು ಉಳಿದ ಹೆಚ್ಚಿನ ಕಡೆ ವೀ ಸ್ಪೋರ್ಟ್ಸ್ ಅದರ ಡಬ್ಬಿಯಲ್ಲೇ ಬಂತು. ಟೆನಿಸ್, ಬೇಸ್‌ಬಾಲ್, ಬೋಲಿಂಗ್, ಗಾಲ್ಫ್, ಬಾಕ್ಸಿಂಗ್. ಐದೇ ಆಟ. ಅದರ 8.2 ಕೋಟಿಗೂ ಹೆಚ್ಚು ಪ್ರತಿಗಳು ಮನೆ ಮನೆ ಸೇರಿದವು. ಆ ಐದರಲ್ಲಿ ಬೋಲಿಂಗ್ ಒಂದೇ ಸಾಕಿತ್ತು, ವೀ ಕಂಟ್ರೋಲರ್ ಆದ ರಿಮೋಟ್ ಒಂದನ್ನೇ ಕೈಯಿಂದ ಕೈಗೆ ದಾಟಿಸಿಕೊಂಡು ನಾಲ್ಕು ಜನ ಆಡುತ್ತಿದ್ದರು. ಐದು ಆಟದ ಡಿಸ್ಕ್ ಜನ ವರ್ಷಗಟ್ಟಲೆ ಆಡಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಐದರಲ್ಲಿ ಐದೂ ಕೇರಂ.

ಅದರ ಮುಂದಿನ ವರ್ಷ ಅಮೆರಿಕದಲ್ಲಿ ‘ವೀ ಪ್ಲೇ’ ಬಂತು. ಒಂಬತ್ತು ಪುಟ್ಟ ಆಟಗಳ ಸಂಗ್ರಹ, ಅಷ್ಟೇನೂ ಹೊಗಳಿಕೆ ಸಿಗಲಿಲ್ಲ. ಆದರೆ ಜೊತೆಗೆ ಒಂದು ರಿಮೋಟ್ ಕೊಟ್ಟರು. ರಿಮೋಟ್ ಒಂದಕ್ಕೇ 39.99 ಡಾಲರ್ ಇದ್ದಾಗ ಎರಡೂ ಸೇರಿ 49.99. ಅಂದರೆ ಆಟಕ್ಕೆ ಕೊಟ್ಟದ್ದು ಹತ್ತೇ ಡಾಲರ್. ಎರಡನೇ ರಿಮೋಟ್ ಹೇಗೂ ಬೇಕಿತ್ತು, ಜನ ಮುಗಿಬಿದ್ದು ಕೊಂಡರು. ಮಿನಿಗೇಮ್ ಸಂಗ್ರಹಕ್ಕೆ ನ್ಯಾಯವಾದ ಬೆಲೆ ಎಷ್ಟು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಈ ಹತ್ತು ಡಾಲರ್.

ನಿಂಟೆಂಡೊ ಕೂಡ ಪಾಠ ಕಲಿತ ಹಾಗೆ ಕಂಡಿತು. 2023ರ ಜೂನ್‌ನಲ್ಲಿ ಇದರ ಮುಂದಿನ ಭಾಗ ‘ಎವ್ರಿಬಡಿ 1-2-ಸ್ವಿಚ್’ ತಂದಾಗ ಬೆಲೆಯನ್ನು 29.99 ಡಾಲರ್‌ಗೆ ಇಳಿಸಿತು. ಕುದುರೆ ಮುಖವಾಡ ಹಾಕಿದ ನಿರೂಪಕ, ಮೊಬೈಲ್ ಫೋನನ್ನೇ ಕಂಟ್ರೋಲರ್ ಮಾಡಿಕೊಂಡು ನೂರು ಜನರವರೆಗೆ ಆಡುವ ಸೌಕರ್ಯ, ಎಲ್ಲ ಇತ್ತು. ಬೆಲೆ ಇಳಿಯಿತು, ಆದರೆ ಆಟ ಮೊದಲನೆಯದಕ್ಕಿಂತ ತೆಳ್ಳಗಾಯಿತು. ಮುಖ ನೋಡಿಕೊಂಡು ಆಡುವ ಆ ಒಳ್ಳೆಯ ಐಡಿಯಾ ಹಿಂದಕ್ಕೆ ಸರಿದು ಎಲ್ಲರೂ ಮತ್ತೆ ಟಿವಿ ನೋಡುವ ಹಾಗಾಯಿತು. ಹದಿನೈದು ಇಪ್ಪತ್ತು ಜನ ಸೇರುವ ಸಮಾರಂಭ ಇದ್ದರೆ ಇದನ್ನು ಯೋಚಿಸಬಹುದು, ನಿಮ್ಮ ಆರೇಳು ಜನಕ್ಕೆ ಬೇಡ.

ಡಬ್ಬಿ ಮೇಲಿನ ಬೆಲೆ ಒಂದೇ ನೋಡಿ ಹೋಲಿಸಿದರೆ 1-2-ಸ್ವಿಚ್ ದುಬಾರಿ. ಆದರೆ ಪಾರ್ಟಿ ಆಟಗಳ ನಿಜವಾದ ಖರ್ಚು ಡಬ್ಬಿಯಲ್ಲಿ ಇರುವುದಿಲ್ಲ, ಕಂಟ್ರೋಲರ್‌ನಲ್ಲಿ ಇರುತ್ತದೆ. 2018ರ ಸೂಪರ್ ಮಾರಿಯೊ ಪಾರ್ಟಿಯಲ್ಲಿ 80 ಮಿನಿಗೇಮ್ ಇವೆ, ತುಂಬ ಗಟ್ಟಿ ಆಟ. ಆದರೆ ಒಬ್ಬೊಬ್ಬರಿಗೂ ಒಂದೊಂದು ಜಾಯ್-ಕಾನ್ ಬೇಕೇ ಬೇಕು, ಪ್ರೊ ಕಂಟ್ರೋಲರ್‌ನಂಥ ಬೇರೆ ಕಂಟ್ರೋಲರ್ ನಡೆಯುವುದಿಲ್ಲ. ನಾಲ್ಕು ಜನ ಆಡಬೇಕಾದರೆ ನೀವು ಇನ್ನೊಂದು ಜೊತೆ ಜಾಯ್-ಕಾನ್ ಕೊಳ್ಳಬೇಕು. ಅಮೆರಿಕದಲ್ಲಿ ಒಂದು ಜೊತೆಯನ್ನು 79.99 ಡಾಲರ್‌ಗೆ ಮಾರುತ್ತಿದ್ದರು, ಅಂದರೆ ಆಟಕ್ಕಿಂತ ಕಂಟ್ರೋಲರೇ ದುಬಾರಿ! 2023ರ ‘ವೇರಿಯೊವೇರ್: ಮೂವ್ ಇಟ್’ನಲ್ಲಿ ಐದೈದು ಸೆಕೆಂಡಿನ 200ಕ್ಕೂ ಹೆಚ್ಚು ಹುಚ್ಚಾಟಗಳಿವೆ, ನನ್ನ ಮೆಚ್ಚಿನ ಆಟ. ಆದರೆ ಅದರ ಕಥೆಯ ಭಾಗದಲ್ಲಿ ಒಬ್ಬರಿಗೇ ಎರಡೂ ಜಾಯ್-ಕಾನ್ ಬೇಕು. ಇಬ್ಬರು ಒಟ್ಟಿಗೆ ಆಡಲು ನಾಲ್ಕು.

1-2-ಸ್ವಿಚ್ ಮೇಲುಗೈ ಸಾಧಿಸುವುದು ಇಲ್ಲೇ. ಕನ್ಸೋಲ್ ಜೊತೆ ಬಂದ ಎರಡು ಜಾಯ್-ಕಾನ್ ಸಾಕು. ಇಬ್ಬರು ಆಡುತ್ತಾರೆ, ಉಳಿದವರು ಸುತ್ತ ನಿಂತು ಕಿರುಚುತ್ತಾರೆ, ಕಂಟ್ರೋಲರ್ ಮುಂದಿನವರಿಗೆ ದಾಟುತ್ತದೆ. ಇದರಲ್ಲಿ ನೋಡುವವರ ಪಾಲೂ ಆಡುವವರಷ್ಟೇ ಇರುತ್ತದೆ. ಹಾಲು ಕರೆಯುವುದರಲ್ಲಿ ಗೆದ್ದವರಿಗಿಂತ ನೋಡಿದವರಿಗೇ ಖುಷಿ ಜಾಸ್ತಿ. ಆರೇಳು ಜನ ಎರಡು ಗುಂಪಾಗಿ ಆಡುವ ಟೀಮ್ ಬ್ಯಾಟಲ್ ಕೂಡ ಇದೆ, ಮೊದಲ ಸಂಜೆ ಅದರಿಂದಲೇ ಶುರು ಮಾಡಿ. ಒಂದೊಂದು ಆಟಕ್ಕೂ ಮೊದಲು ನಟರು ಆಡಿ ತೋರಿಸುವ ಪುಟ್ಟ ವಿಡಿಯೊ ಬರುತ್ತದೆ. ಮೊದಲ ಸಲ ನೋಡಿ, ಆಮೇಲೆ ಹಾರಿಸಿ. ಅದು ಮುಗಿಯುವವರೆಗೆ ಕಾದರೆ ಜೋಶ್ ಇಳಿದುಹೋಗುತ್ತದೆ.

ಇನ್ನೊಂದು ಆಯ್ಕೆ ಹೇಳದಿದ್ದರೆ ನನ್ನ ಉತ್ತರ ಅರ್ಧ ಆಗುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’. ಬಂದಾಗ ಆರು ಆಟ: ಟೆನಿಸ್, ಬೋಲಿಂಗ್, ಬ್ಯಾಡ್ಮಿಂಟನ್, ವಾಲಿಬಾಲ್, ಫುಟ್‌ಬಾಲ್, ಕತ್ತಿವರಸೆಯ ಚಂಬಾರ. ಆಮೇಲೆ ಗಾಲ್ಫ್, ಅದಾದ ಮೇಲೆ 2024ರಲ್ಲಿ ಬಾಸ್ಕೆಟ್‌ಬಾಲ್ ಪುಕ್ಕಟೆಯಾಗಿ ಸೇರಿದವು. ಡಿಜಿಟಲ್ ಪ್ರತಿಗೆ 39.99 ಡಾಲರ್, ಕಾಲಿಗೆ ಕಟ್ಟುವ ಪಟ್ಟಿ ಸಮೇತ ಡಬ್ಬಿಯಲ್ಲಿ 49.99. ಸಂಖ್ಯೆ ನೋಡಿದರೆ 28ರ ಮುಂದೆ ಎಂಟು ಏನೂ ಅಲ್ಲ. ಆದರೆ ಎಂಟೂ ಕೇರಂ. ಬ್ಯಾಡ್ಮಿಂಟನ್‌ಗೆ ಇಬ್ಬರು ಸಾಕು, ನಿಮ್ಮ ಎರಡು ಜಾಯ್-ಕಾನ್‌ನಲ್ಲೇ ಆಗುತ್ತದೆ. ಮೊನ್ನೆ ಸೋತವರು ಇವತ್ತು ಸೇಡು ತೀರಿಸಿಕೊಳ್ಳಲು ಬರುತ್ತಾರೆ. ನಿಮ್ಮ ಗುಂಪು ಪ್ರತಿ ತಿಂಗಳೂ ಅದೇ ಜನವಾದರೆ ನಾನು ಇದನ್ನೇ ಹೇಳುವುದು, ಪೂರ್ತಿ ಬೆಲೆ ಕೊಟ್ಟಾದರೂ ಸರಿ. ಅಪ್ಪ ಮತ್ತು ಮಗಳು ವಾರದ ಮಧ್ಯದಲ್ಲಿ ಇಬ್ಬರೇ ಕೂತು ಬೋಲಿಂಗ್ ಆಡುವ ಸಾಧ್ಯತೆ ಕೂಡ ಇದೆ. 1-2-ಸ್ವಿಚ್ ಅನ್ನು ಮನೆಯವರೇ ವಾರದ ಮಧ್ಯದಲ್ಲಿ ತೆಗೆದು ಆಡಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಪ್ರೇಕ್ಷಕರು ಬೇಕು. ಒಬ್ಬರೇ ಆಡಲಂತೂ ಅದರಲ್ಲಿ ಏನೂ ಇಲ್ಲ.

ದುಡ್ಡನ್ನು ಆಟದ ಸಂಖ್ಯೆಯಿಂದ ಭಾಗಿಸಬೇಡಿ, ಸಂಜೆಗಳಿಂದ ಭಾಗಿಸಿ. 1-2-ಸ್ವಿಚ್ ಪೂರ್ತಿ ಬೆಲೆಗೆ ಕೊಂಡು ಮೂರು ಸಂಜೆ ಆಡಿದರೆ ಸಂಜೆಗೆ ಸುಮಾರು 17 ಡಾಲರ್ ಬಿತ್ತು. ಏಳು ಜನ ಹಂಚಿಕೊಂಡರೆ ತಲೆಗೆ ಎರಡೂವರೆ ಡಾಲರ್‌ನಷ್ಟು. ಹಾಗೆ ನೋಡಿದರೆ ಅಂಥ ಅನ್ಯಾಯವೇನಲ್ಲ, ಒಪ್ಪುತ್ತೇನೆ. ಆದರೆ ಏಳು ಜನ ನಕ್ಕರೂ ದುಡ್ಡು ಕೊಟ್ಟವರು ನೀವೊಬ್ಬರೇ. ಸ್ಪೋರ್ಟ್ಸ್ ಅನ್ನು ಅಷ್ಟೇ ಬೆಲೆಗೆ ಕೊಂಡು ವರ್ಷಕ್ಕೆ ಇಪ್ಪತ್ತು ಸಂಜೆ ಆಡಿದರೆ ಸಂಜೆಗೆ ಎರಡೂವರೆ ಡಾಲರ್. ಅರ್ಧ ಬೆಲೆಗೆ ಸಿಕ್ಕರೆ 1-2-ಸ್ವಿಚ್ ತಗೊಳ್ಳಿ ಅಂದದ್ದು ಈ ಲೆಕ್ಕದಲ್ಲಿ. ಆ ಒಂದು ರಾತ್ರಿಯ ನಗು ಬೆಲೆಬಾಳುವಂಥದ್ದೇ, ಪೂರ್ತಿ ಆಟದಷ್ಟು ಅಲ್ಲ ಅಷ್ಟೇ.

ಹಾಲ್ ಚಿಕ್ಕದು ಅಂದಿರಿ. ಇದಕ್ಕೆ ಹೆದರಬೇಡಿ, ಇಬ್ಬರು ಎದುರು ಬದುರು ನಿಂತು ಕೈ ಚಾಚಿದಾಗ ಬೆರಳು ತಾಗದಿದ್ದರೆ ಸಾಕು. ಟಿವಿ ಕಡೆ ಮುಖ ಮಾಡಿ ಬೀಸುವ ಆಟಗಳೇ ಅಪಾಯ, ಇಲ್ಲಿ ಇಬ್ಬರೂ ಟಿವಿಗೆ ಪಕ್ಕಾಗಿ ನಿಲ್ಲುತ್ತಾರೆ. ಆದರೂ ಮಣಿಕಟ್ಟಿನ ಪಟ್ಟಿಯನ್ನು ಎಲ್ಲರಿಗೂ ಹಾಕಿಸಿ, ದೊಡ್ಡವರಿಗೆ ಮೊದಲು. ಮಕ್ಕಳು ಹೇಳಿದ್ದು ಕೇಳುತ್ತಾರೆ, ‘ನನಗೇನೂ ಬೇಡ’ ಅನ್ನುವ ದೊಡ್ಡವರ ಕೈಯಿಂದಲೇ ಅದು ಹಾರುವುದು. 2006ರ ಕೊನೆಯಲ್ಲಿ ವೀ ರಿಮೋಟ್‌ನ ಪಟ್ಟಿ ಕಿತ್ತು ಹೋಗುತ್ತಿದೆ ಅಂತ ದೂರು ಬಂದು, ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಗಿತ್ತು. ಭುಜದ ಮೇಲೂ ಗಮನ ಇರಲಿ. 2007ರಲ್ಲಿ ವೈದ್ಯರೊಬ್ಬರು ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜ ನೋಯಿಸಿಕೊಂಡು, ತಮ್ಮ ಕಥೆಯನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೇ ಪತ್ರ ಬರೆದು ತಿಳಿಸಿದ್ದರು. ಅಪ್ಪನಿಗೆ ಮಣಿಕಟ್ಟಿನಿಂದ ಮೆಲ್ಲಗೆ ಆಡಿಸಿದರೆ ಸಾಕು ಅಂತ ಹೇಳಿ. ಯಂತ್ರಕ್ಕೆ ‘ಯಾವಾಗ’, ‘ಎಷ್ಟು ಓರೆ’ ಅನ್ನುವುದಷ್ಟೇ ಬೇಕು ಅಂದೆನಲ್ಲ, ತೋಳು ಬೀಸಿದರೆ ಹೆಚ್ಚು ಅಂಕ ಏನೂ ಬರುವುದಿಲ್ಲ.

ಶಬ್ದದ ಬಗ್ಗೆ ಒಂದು ಮಾತು. ಈ ಆಟದ ಜೀವ ಇರುವುದು ಕಿವಿಯಲ್ಲಿ. ಬ್ಲೂಟೂತ್ ಸ್ಪೀಕರ್ ಹಾಕಬೇಡಿ. ಶಬ್ದ ಸ್ವಲ್ಪ ತಡವಾಗಿ ಬರುತ್ತದೆ, ಟೇಬಲ್ ಟೆನಿಸ್‌ನಲ್ಲಿ ಎಲ್ಲರೂ ತಪ್ಪುತ್ತಾರೆ, ಆಟ ಸರಿಯಿಲ್ಲ ಅಂತಾರೆ. ಸ್ವಿಚ್‌ನಲ್ಲಿ ಬ್ಲೂಟೂತ್ ಆಡಿಯೊ ಹಾಕಿದಾಗ ಎರಡಕ್ಕಿಂತ ಹೆಚ್ಚು ವೈರ್‌ಲೆಸ್ ಕಂಟ್ರೋಲರ್ ಸೇರಿಸಲೂ ಆಗುವುದಿಲ್ಲ, ಮುಂದೆ ಬೇರೆ ಆಟ ತಂದಾಗ ಇದು ನೆನಪಿರಲಿ. ಟಿವಿಯ ಸ್ವಂತ ಸ್ಪೀಕರ್ ಸಾಕು, ಟಿವಿಯಲ್ಲಿ ಗೇಮ್ ಮೋಡ್ (ತಡ ಕಡಿಮೆ ಮಾಡುವ ಸೆಟ್ಟಿಂಗ್) ಇದ್ದರೆ ಅದನ್ನು ಆನ್ ಮಾಡಿ.

ಕಾರ್ಟ್ರಿಡ್ಜೋ ಡಿಜಿಟಲ್ಲೋ? ಕಾರ್ಟ್ರಿಡ್ಜ್, ಯೋಚನೆಯೇ ಬೇಡ. ದಿನಾ ಆಡುವ ಆಟವಾದರೆ ಡಿಜಿಟಲ್ ಸಲೀಸು. ಸಂಜೆಗಳು ಮುಗಿದು ಕಪಾಟು ಸೇರುವ ಆಟವನ್ನು ಮಾರಲು, ಕೊಡಲು, ಅದಲು ಬದಲು ಮಾಡಲು ಬರಬೇಕು. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್‌ಗೆ ಸವೆತ ಏನೂ ಇರುವುದಿಲ್ಲ, ಹಾಕಿದ ತಕ್ಷಣ ತೆರೆದುಕೊಂಡರೆ ಆಯಿತು. ಕೊಳ್ಳುವ ಮೊದಲು ನಿಮ್ಮ ಜಾಯ್-ಕಾನ್ ಎರಡೂ ಸರಿಯಿವೆಯಾ ನೋಡಿಕೊಳ್ಳಿ. ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ ತಾನಾಗಿಯೇ ಜಾರುವ ತೊಂದರೆ ಇದ್ದರೂ ಇಲ್ಲಿ ಪರವಾಗಿಲ್ಲ, ಹೆಚ್ಚಿನ ಆಟಗಳಿಗೆ ಸ್ಟಿಕ್ ಬೇಕಾಗುವುದೇ ಇಲ್ಲ. ಮುಂದೆ ಸ್ವಿಚ್ 2 ತಗೊಳ್ಳುವ ಯೋಚನೆ ಇದ್ದರೆ ಈ ಹಳೆಯ ಜಾಯ್-ಕಾನ್‌ಗಳನ್ನು ಮಾರಿಬಿಡಬೇಡಿ. ಹೊಸ ಜಾಯ್-ಕಾನ್ 2ರಲ್ಲಿ ಆ ಇನ್‌ಫ್ರಾರೆಡ್ ಕ್ಯಾಮೆರಾ ಇಲ್ಲ. ನಿಮ್ಮ ಮಗಳಿಗೆ ಗಬಗಬ ತಿನ್ನುವ ಆಟ ಬೇಕು ಅನ್ನಿಸಿದರೆ ಹಳೆಯದೇ ಬೇಕಾಗುತ್ತದೆ.

ಹಣ ಕೊಡುವ ಮುಂಚೆ, ಯಾರ ಹತ್ತಿರವಾದರೂ ಈ ಕಾರ್ಟ್ರಿಡ್ಜ್ ಇದೆಯಾ ಅಂತ ಕೇಳಿ ನೋಡಿ. ಇದ್ದವರ ಮನೆಯಲ್ಲಿ ಅದು ಬಹುಶಃ ಸುಮ್ನೆ ಕೂತಿರುತ್ತದೆ. ಮುಂದಿನ ತಿಂಗಳ ಕೂಟಕ್ಕೆ ಒಂದು ರಾತ್ರಿ ಎರವಲು ತನ್ನಿ. ಕೂಟ ಮುಗಿದು ಹೋಗುವಾಗ ಯಾರಾದರೂ ಬಾಗಿಲ ಹತ್ತಿರ ನಿಂತು ‘ಕ್ವಿಕ್ ಡ್ರಾ ಇನ್ನೊಂದು ಸಲ’ ಅಂದರೆ, ಮಾರನೇ ದಿನ ಸೆಕೆಂಡ್ ಹ್ಯಾಂಡ್ ಪ್ರತಿ ಹುಡುಕಲು ಶುರು ಮಾಡಿ.